ಮೊದಲ ಸಲ ಇಂಜಿನ್ ಆಯಿಲ್ ಬದಲಿಸ ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ಸಾಗರದಿಂದ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಮೊನ್ನೆ ಫೋನಿನಲ್ಲಿ ನೀನು "ಈ ಸಲ ಕಾರಿನ ಆಯಿಲ್ ನಾನೇ ಬದಲಿಸ್ತೇನೆ ದೊಡ್ಡಪ್ಪ" ಅಂದಾಗ ಮನೆ ತುಂಬ ನೆಂಟರಿದ್ದರು. "ಹ್ಞೂಂ, ಹುಷಾರು" ಅಂದು ಫೋನ್ ಇಟ್ಟುಬಿಟ್ಟೆ. ರಾತ್ರಿ ಮಲಗಿದ ಮೇಲೆ ಹೇಳಬೇಕಾಗಿದ್ದದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಬೆಳಿಗ್ಗೆ ಎದ್ದು ಬರೆಯಲು ಕೂತೆ. ನಿನ್ನ ಹಾಗೆ ಮೊದಲ ಸಲ ಕಾರಿನ ಅಡಿಗೆ ಮಲಗಲು ಹೊರಟ ಬೇರೆ ಮಕ್ಕಳಿಗೂ ಬೇಕಾದೀತೆಂದು ಪತ್ರಿಕೆಗೂ ಕಳಿಸುತ್ತಿದ್ದೇನೆ.

ನೀನು ಮಾಡಲು ಹೊರಟದ್ದು ನನಗೆ ಖುಷಿ ಕೊಟ್ಟಿದೆ. ಇದರಲ್ಲಿ ದುಡ್ಡು ತುಂಬ ಉಳಿಯುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡ. ಗ್ಯಾರೇಜಿನ ಬಿಲ್ಲಿನಲ್ಲಿ ದೊಡ್ಡ ಪಾಲು ಆಯಿಲ್ಲು, ಫಿಲ್ಟರಿನದ್ದೇ, ಕೂಲಿ ಕಡಿಮೆ. ಹೊಸ ಕಾರಾಗಿದ್ದರೆ, ವಾರಂಟಿ ಮುಗಿಯುವ ತನಕ ಸರ್ವೀಸಿಗೇ ಬಿಡು ಅನ್ನುತ್ತಿದ್ದೆ. ನಿನ್ನದು 2014ರ ಸ್ವಿಫ್ಟ್, ಸೆಕೆಂಡ್ ಹ್ಯಾಂಡ್, ಆ ಚಿಂತೆ ಇಲ್ಲ. ಆಯುಧಪೂಜೆಗೆ ಕಾರು ತೊಳೆದು, ಹೂವಿನ ಹಾರ ಹಾಕಿ, ಗಾಲಿಯಡಿಗೆ ನಿಂಬೆಹಣ್ಣು ಇಡುತ್ತೇವೆ. ಆದರೆ ಬಾನೆಟ್ ಎತ್ತಿ ಗೇಜ್ ಕಡ್ಡಿ ಎಳೆದು ನೋಡುವವರು ಎಷ್ಟು ಮಂದಿ? ವರ್ಷಕ್ಕೊಂದು ಸಲವಾದರೂ ಕಾರಿನ ಅಡಿಭಾಗವನ್ನು ನಿನ್ನ ಕಣ್ಣಿನಿಂದಲೇ ನೋಡುತ್ತೀಯಲ್ಲ, ಲಾಭವೆಂದರೆ ಅದೇ. ಎಲ್ಲಿ ಜಿನುಗಿದೆ, ಯಾವ ರಬ್ಬರ್ ಬಿರಿದಿದೆ, ಎಲ್ಲಿ ತುಕ್ಕು ಹತ್ತಿದೆ ಅನ್ನುವುದು ಡ್ರೈವರ್ ಸೀಟಿನಲ್ಲಿ ಕೂತವರಿಗೆ ಕಾಣುವುದಿಲ್ಲ.

ಮೊದಲು ಜಾಕಿನ ಮಾತು. ಇದನ್ನು ಎರಡು ಸಲ ಓದು. ಡಿಕ್ಕಿಯಲ್ಲಿರುವ ಜಾಕ್ ಸ್ಟೆಪ್ನಿ ಬದಲಿಸುವುದಕ್ಕೆ ಮಾತ್ರ. ಅದರ ಮೇಲೆ ಕಾರು ನಿಲ್ಲಿಸಿ ಅಡಿಗೆ ತಲೆ ಹಾಕಬಾರದು, ಒಂದೇ ಒಂದು ನಿಮಿಷಕ್ಕೂ. ಎರಡು ಜಾಕ್ ಸ್ಟ್ಯಾಂಡ್ ಕೊಂಡುಕೋ, ಇಲ್ಲವೆ ಮುಂದಿನ ಗಾಲಿ ಹತ್ತಿಸುವ ಗಟ್ಟಿ ರ‍್ಯಾಂಪ್ ಕೊಂಡುಕೋ. ಸಿಮೆಂಟ್ ಬ್ಲಾಕ್ ಅಥವಾ ಇಟ್ಟಿಗೆ ಕೊಡಬೇಡ. ಗಟ್ಟಿಯಾಗಿಯೇ ಕಾಣುವ ಬ್ಲಾಕ್ ಭಾರ ತಡೆಯದೆ ಒಮ್ಮೆಲೇ ಪುಡಿಯಾಗುತ್ತದೆ, ಮುನ್ಸೂಚನೆ ಕೊಡುವುದಿಲ್ಲ. ನೆಲ ಸಮತಟ್ಟಾಗಿ, ಗಟ್ಟಿಯಾಗಿ ಇರಲಿ. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ಹಾಕಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಡು. ಸ್ಟ್ಯಾಂಡಿನ ಮೇಲೆ ಕೂರಿಸಿದ ಮೇಲೆ ಕಾರನ್ನು ಕೈಯಿಂದ ಚೆನ್ನಾಗಿ ಅಲುಗಿಸಿ ನೋಡು. ಆಮೇಲೂ ಬಿಚ್ಚಿಟ್ಟ ಸ್ಟೆಪ್ನಿಯನ್ನು ಬಾಗಿಲ ಕೆಳಗಿನ ಅಂಚಿನಡಿ ಮಲಗಿಸಿಡು. ಏನಾದರೂ ಜಾರಿದರೆ ಅದು ತಡೆಯುತ್ತದೆ. ಮನೆಯಲ್ಲಿ ಒಬ್ಬರಾದರೂ ಇರುವ ಹೊತ್ತಿನಲ್ಲೇ ಈ ಕೆಲಸಕ್ಕೆ ಇಳಿ.

ಆಯಿಲ್ ಕೊಳ್ಳುವಾಗ ಅಂಗಡಿಯವನ ಮಾತಿಗಿಂತ ಕಾರಿನ ಜೊತೆ ಬಂದ ಪುಸ್ತಕದ ಮಾತು ಕೇಳು. ಡಬ್ಬಿಯ ಮೇಲೆ 5ಡಬ್ಲ್ಯು-30 ಅಂತಿದ್ದರೆ, ಆ ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ಮೊದಲ ಅಂಕಿ ತಣ್ಣಗಿದ್ದಾಗ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ, ಎರಡನೆಯದು ನೂರು ಡಿಗ್ರಿ ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದಕ್ಕೆ. ನೀನಿರುವ ಮೈಸೂರಿನ ಚಳಿಗೆ ಇದೆಲ್ಲ ಯಾಕೆ ಅಂತ ಕೇಳಬೇಡ. ರಾತ್ರಿಯಿಡೀ ನಿಂತ ಇಂಜಿನ್ ಬೆಳಿಗ್ಗೆ ಸ್ಟಾರ್ಟ್ ಆದ ಆ ಮೊದಲ ಕ್ಷಣಗಳಲ್ಲಿ ಎಣ್ಣೆ ಬೇಗ ಮೇಲಕ್ಕೇರಬೇಕು. ಇಂಜಿನ್ ಹೆಚ್ಚು ಸವೆಯುವುದು ಆಗಲೇ. ಹಳೆಯ ಕಾಲದ ಮೇಸ್ತ್ರಿಗಳು ಎಲ್ಲ ಗಾಡಿಗೂ 20ಡಬ್ಲ್ಯು-40 ಹಾಕುತ್ತಿದ್ದರು. ಆಗಿನ ಇಂಜಿನ್‌ಗಳಿಗೆ ಅದು ಸರಿ, ನಿನ್ನದಕ್ಕೆ ದಪ್ಪವಾಯಿತು. ಇನ್ನೊಂದು ಮಾತು, ಎಪಿಐ ಅಂತ ವೃತ್ತದೊಳಗೆ ಬರೆದಿರುತ್ತದೆ. ಪೆಟ್ರೋಲ್ ಗಾಡಿಗೆ 'ಎಸ್'ನಿಂದ ಶುರುವಾಗುವ ಅಕ್ಷರ ನೋಡು. 2020ರಲ್ಲಿ ಬಂದದ್ದು ಎಸ್‌ಪಿ, ಅದಕ್ಕಿಂತ ಹಿಂದಿನದು ಎಸ್‌ಎನ್. ಹೊಸದು ಹಳೆಯ ಗಾಡಿಗೂ ಆಗುತ್ತದೆ. ನಿನ್ನ ಇಂಜಿನ್‌ಗೆ ಫಿಲ್ಟರ್ ಸೇರಿ ಮೂರು ಲೀಟರಿಗೆ ತುಸು ಹೆಚ್ಚು ಬೇಕು. ಫಿಲ್ಟರ್ ಜೊತೆಗೆ ಡ್ರೈನ್ ಬೋಲ್ಟಿನ ವಾಷರ್ ಕೇಳಿ ತಗೊಂಡು ಬಾ. ಅಂಗಡಿಯವನು ತಾನಾಗಿ ಕೊಡುವುದಿಲ್ಲ.

ಕಾರನ್ನು ಹತ್ತು ನಿಮಿಷ ಓಡಿಸಿ ತಂದು, ಆಫ್ ಮಾಡಿ, ಇನ್ನೊಂದು ಹತ್ತು ನಿಮಿಷ ಬಿಡು. ಎಣ್ಣೆ ಬೆಚ್ಚಗಿರಬೇಕು, ಸುಡಬಾರದು. ಆಲೆಮನೆಯ ಜೋನಿಬೆಲ್ಲ ನೆನಪಿದೆಯಲ್ಲ? ಬಿಸಿ ಇದ್ದಾಗ ಹೇಗೆ ಸುರಿಯುತ್ತಿತ್ತು, ಆರಿದ ಮೇಲೆ ಡಬ್ಬದ ಬಾಯಲ್ಲಿ ಹೇಗೆ ನಿಂತುಬಿಡುತ್ತಿತ್ತು, ಇದೂ ಹಾಗೆಯೇ. ಮೇಲಿನ ಆಯಿಲ್ ಮುಚ್ಚಳ ತೆಗೆದಿಡು, ಗಾಳಿಯಾಡಿದರೆ ಎಣ್ಣೆ ಸರಾಗ ಇಳಿಯುತ್ತದೆ. ಕೈಗೆ ರಬ್ಬರ್ ಗ್ಲೌಸ್ ಹಾಕು. ಓಡಿದ ಎಣ್ಣೆ ಚರ್ಮಕ್ಕೆ ಒಳ್ಳೆಯದಲ್ಲ.

ಈಗ ಅಡಿಗೆ ಮಲಗಿದ್ದೀಯ. ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಕಾರಿನ ಅಡಿಯಲ್ಲಿ ಅಂಥದ್ದೇ ಬೋಲ್ಟ್ ಎರಡು ಕಡೆ ಇರುತ್ತದೆ, ಒಂದು ಇಂಜಿನ್ ಚೇಂಬರಿನದ್ದು, ಇನ್ನೊಂದು ಗೇರ್ ಬಾಕ್ಸಿನದ್ದು. ಗೇರ್ ಬಾಕ್ಸಿನ ಎಣ್ಣೆ ಇಳಿಸಿ, ಆಮೇಲೆ ತುಂಬಿದ ಇಂಜಿನ್‌ಗೇ ಮತ್ತೆ ಮೂರು ಲೀಟರ್ ಸುರಿದವರಿದ್ದಾರೆ, ಎರಡೂ ಹಾಳು. ಫಿಲ್ಟರ್ ಯಾವ ಭಾಗಕ್ಕೆ ಕೂತಿದೆಯೋ ಅದು ಇಂಜಿನ್, ಅದರ ತಳದ ತಗಡಿನ ಚೇಂಬರಿನ ಬೋಲ್ಟೇ ನಿನ್ನದು. ಕಪ್ಪಲ್ಲದೆ ಜೇನಿನ ಬಣ್ಣದ, ಗಂಧಕದ ಘಾಟು ಹೊಡೆಯುವ ಎಣ್ಣೆ ಬಂದರೆ ಕೂಡಲೇ ಬೋಲ್ಟ್ ಹಾಕಿಬಿಡು.

ಸರಿಯಾದ ನಂಬರಿನ ರಿಂಗ್ ಸ್ಪ್ಯಾನರ್ ಹಾಕು, ಸ್ಕ್ರೂ ಸ್ಪ್ಯಾನರಿನಿಂದ ಬೋಲ್ಟಿನ ತಲೆ ಉರುಟಾಗುತ್ತದೆ. ಸಡಿಲವಾದ ಮೇಲೆ ಕೈಯಿಂದಲೇ ತಿರುಗಿಸು. ಕೊನೆಯ ಸುತ್ತಿನ ತನಕ ಬೋಲ್ಟನ್ನು ಮೇಲಕ್ಕೆ ಒತ್ತಿ ಹಿಡಿದಿದ್ದು, ಒಮ್ಮೆಲೇ ಪಕ್ಕಕ್ಕೆ ಎಳೆದುಕೋ. ಎಣ್ಣೆ ಮೊದಲು ನೆಟ್ಟಗೆ ಬೀಳುವುದಿಲ್ಲ, ಅಡ್ಡಕ್ಕೆ ಚಿಮ್ಮುತ್ತದೆ. ಬೋಗುಣಿಯನ್ನು ಆ ಕಡೆಗೆ ಸರಿಸಿಡು, ಧಾರೆ ಸಣ್ಣಗಾದ ಹಾಗೆ ಈಚೆಗೆ ಎಳೆ. ಹನಿ ಹನಿಯಾಗುವ ತನಕ ಕಾಯಿ. ಆ ಹೊತ್ತಿನಲ್ಲಿ ಎಣ್ಣೆಯನ್ನು ನೋಡು. ಕಪ್ಪಾಗಿದ್ದರೆ ಗಾಬರಿಯಾಗಬೇಡ. ಕೊಳೆಯನ್ನು ಹಿಡಿದು ತೇಲಿಸಿಟ್ಟುಕೊಳ್ಳುವ ಗುಣ ಅದಕ್ಕೆ ಕೂಡಿಸಿಯೇ ಬಂದದ್ದು, ಕಪ್ಪಾಗಿದ್ದರೆ ಅದು ಕೆಲಸ ಮಾಡಿದೆ. ಮಜ್ಜಿಗೆ ಬೆರೆಸಿದ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ ಅಂತ. ಬಿಸಿಲಿಗೆ ಹಿಡಿದಾಗ ಲೋಹದ ಪುಡಿ ಮಿನುಗಿದರೆ ಒಳಗೆ ಏನೋ ಸವೆಯುತ್ತಿದೆ ಅಂತ. ಎರಡರಲ್ಲಿ ಯಾವುದು ಕಂಡರೂ ಒಳ್ಳೆಯ ಮೇಸ್ತ್ರಿಗೆ ತೋರಿಸು.

ಬೋಲ್ಟ್ ವಾಪಸ್ ಹಾಕುವಾಗ ಹೊಸ ವಾಷರ್ ಹಾಕು. ಮೊದಲು ಬೆರಳಿನಿಂದಲೇ ಕೂರಿಸು, ಬಿಗಿ ಅನ್ನಿಸಿದರೆ ಬಿಚ್ಚಿ ಮತ್ತೆ ಕೂರಿಸು. ವಾಷರ್ ಅದುಮುವಷ್ಟು ಬಿಗಿ ಸಾಕು. ಶಕ್ತಿ ಹಾಕಿ ಎಳೆದರೆ ಚೇಂಬರಿನ ಥ್ರೆಡ್ ಹೋಗುತ್ತದೆ, ಆಮೇಲೆ ಚೇಂಬರ್ರೇ ಬದಲಿಸಬೇಕಾದೀತು.

ಇನ್ನು ಫಿಲ್ಟರ್. ನನಗಾದದ್ದನ್ನು ಇಲ್ಲಿ ಹೇಳಬೇಕು. 1996ರ ಮಳೆಗಾಲಕ್ಕೆ ಮುಂಚೆ, ಮನೆಯಂಗಳದಲ್ಲಿ ನನ್ನ ಮಾರುತಿ 800ಕ್ಕೆ ಮೊದಲ ಸಲ ನಾನೇ ಆಯಿಲ್ ಹಾಕಿದೆ. ಹಳೆಯ ಫಿಲ್ಟರ್ ಬಿಚ್ಚಿದೆ, ಹೊಸದು ತಿರುಪಿದೆ, ಎಣ್ಣೆ ತುಂಬಿದೆ, ಸ್ಟಾರ್ಟ್ ಮಾಡಿದೆ. ಅರ್ಧ ನಿಮಿಷವೂ ಆಗಿರಲಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಡಬ್ಬಿಯ ಚಿತ್ರದ ಕೆಂಪು ದೀಪ ಹತ್ತಿಕೊಂಡಿತು. ಇಳಿದು ನೋಡಿದರೆ ಹೊಚ್ಚ ಹೊಸ ಎಣ್ಣೆ ಅಂಗಳದಲ್ಲಿ ಹರಿಯುತ್ತಿದೆ. ಆದದ್ದಿಷ್ಟೆ: ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಇಂಜಿನ್ನಿಗೇ ಅಂಟಿ ಉಳಿದಿತ್ತು, ಅದರ ಮೇಲೆಯೇ ನಾನು ಹೊಸ ಉಂಗುರ ಕೂರಿಸಿದ್ದೆ. ಎರಡು ರಬ್ಬರ್ ಒಂದರ ಮೇಲೊಂದು ನಿಲ್ಲುವುದಿಲ್ಲ, ಒತ್ತಡ ಬಿದ್ದೊಡನೆ ಜಾರುತ್ತದೆ. ನಿನ್ನ ಅಜ್ಜ ಒಂದು ಮಾತೂ ಬೈಯಲಿಲ್ಲ. ಗೋಣಿ ತುಂಬ ಮರದ ಹುಡಿ ತಂದು ಹರಡಿದರು, ಆಮೇಲೆ ಹಾರೆ ಹಿಡಿದು ಮೇಲಿನ ಮಣ್ಣನ್ನೇ ಕೆತ್ತಿದರು. ಆದರೂ ಮೊದಲ ಮಳೆಗೆ ತೋಟದ ಕಾಲುವೆಯ ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ತೇಲಿತು. ಅಜ್ಜ ಕಾಲುವೆಯ ದಂಡೆಯಲ್ಲಿ ಕೂತು ಅದನ್ನೇ ನೋಡುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಅದಕ್ಕೆ, ಬಿಚ್ಚಿದ ಫಿಲ್ಟರನ್ನು ಕೈಯಲ್ಲಿ ಹಿಡಿದು ಅದರ ರಬ್ಬರ್ ಉಂಗುರ ಅದರಲ್ಲೇ ಇದೆಯೋ ನೋಡು. ಇಂಜಿನ್ನಿನ ಮುಖಕ್ಕೆ ಬೆರಳಾಡಿಸಿ ನೋಡು, ಬಟ್ಟೆಯಿಂದ ಒರೆಸು. ಹೊಸ ಉಂಗುರಕ್ಕೆ ಹೊಸ ಎಣ್ಣೆ ಸವರಿ, ಮುಖಕ್ಕೆ ತಾಗುವ ತನಕ ತಿರುಗಿಸಿ, ಅಲ್ಲಿಂದ ಮುಕ್ಕಾಲು ಸುತ್ತು, ಕೈಯಿಂದಲೇ.

ತುಂಬುವುದು ಸುಲಭ. ಎರಡೂವರೆ ಲೀಟರ್ ಹಾಕಿ ಸ್ವಲ್ಪ ನಿಲ್ಲಿಸು, ಗೇಜ್ ಕಡ್ಡಿ ನೋಡುತ್ತ ಮಿಕ್ಕದ್ದನ್ನು ಕೊಂಚ ಕೊಂಚವೇ ಹಾಕು. ಮುಚ್ಚಳ ಹಾಕಿ, ಗೇರಿನಿಂದ ತೆಗೆದು ಸ್ಟಾರ್ಟ್ ಮಾಡಿದಾಗ ಕೆಂಪು ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು, ಆರದಿದ್ದರೆ ಆಫ್ ಮಾಡು, ಯೋಚನೆ ಆಮೇಲೆ. ಒಂದು ನಿಮಿಷ ಇಂಜಿನ್ ಓಡಿಸಿ, ಆರಿಸಿ, ಟಾರ್ಚ್ ಹಾಕಿ ಬೋಲ್ಟು, ಫಿಲ್ಟರ್ ಎರಡನ್ನೂ ನೋಡು. ಕಾರನ್ನು ಇಳಿಸಿ ಐದು ನಿಮಿಷ ಬಿಟ್ಟು ಮತ್ತೆ ಕಡ್ಡಿ ನೋಡು. ಎರಡು ಗುರುತಿನ ನಡುವೆ, ಮೇಲಿನದಕ್ಕೆ ಹತ್ತಿರ ಇರಲಿ. ಅದನ್ನು ದಾಟಬಾರದು. ಹೆಚ್ಚಾದರೆ ಒಳಗೆ ತಿರುಗುವ ಕ್ರ್ಯಾಂಕ್ ಎಣ್ಣೆಯನ್ನು ಕಡೆದು ನೊರೆ ಮಾಡುತ್ತದೆ, ನೊರೆ ಎಣ್ಣೆಯ ಕೆಲಸ ಮಾಡುವುದಿಲ್ಲ. ಕಿಲೋಮೀಟರ್, ತಾರೀಖು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸು.

ಕೆಲಸ ಇಲ್ಲಿಗೆ ಮುಗಿಯಿತು ಅಂತ ಏಳಬೇಡ. ಬೋಗುಣಿಯಲ್ಲಿ ಮೂರು ಲೀಟರ್ ಕರಿ ಎಣ್ಣೆ ಇದೆ. ನಮ್ಮ ಕಡೆ ಅದನ್ನು ಬೇಲಿಗೂಟಕ್ಕೆ, ಕೊಟ್ಟಿಗೆ ಕಂಬಕ್ಕೆ ಗೆದ್ದಲು ಹಿಡಿಯದಿರಲೆಂದು ಬಳಿಯುತ್ತಿದ್ದರು, ನಾನೂ ಬಳಿದಿದ್ದೇನೆ. ಈಗ ಮಾಡುವುದಿಲ್ಲ. ಮಳೆಗೆ ಅದು ಮಣ್ಣಿಗಿಳಿಯುತ್ತದೆ, ಮಣ್ಣಿನಿಂದ ಹಳ್ಳಕ್ಕೆ. ನಮ್ಮೂರ ಪಕ್ಕದ ವರದಾಮೂಲದಲ್ಲಿ ವರದೆ ಹುಟ್ಟುವುದು ಬೊಗಸೆಯಷ್ಟು ನೀರಿನಲ್ಲಿ. ಅದರ ಹತ್ತಿರ ಹುಟ್ಟಿ ಬೆಳೆದ ನಾವು ನೀರಿಗೆ ಇದನ್ನು ಬಿಡಬಾರದು. ಕಾನೂನೂ ಅದನ್ನೇ ಹೇಳುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲ್ ಸೇರಿದೆ. 2024ರ ಏಪ್ರಿಲ್ 1ರಿಂದ, ಎಣ್ಣೆ ತಯಾರಿಸುವ ಕಂಪನಿಗಳ ಮೇಲೂ ಅದರ ಮರುಬಳಕೆಯ ಹೊಣೆ ಹೊರಿಸಿದ್ದಾರೆ. ಶುದ್ಧ ಮಾಡಿದರೆ ಅದರಿಂದ ಮತ್ತೆ ಹೊಸ ಎಣ್ಣೆಯೇ ಬರುತ್ತದೆ. ಹಳೆಯ ಫಿಲ್ಟರನ್ನು ರಾತ್ರಿಯಿಡೀ ಬೋರಲು ಹಾಕಿ ಬಸಿ. ಎಲ್ಲವನ್ನೂ ಒಂದು ಗಟ್ಟಿ ಡಬ್ಬಕ್ಕೆ ತುಂಬು. ನೀರಾಗಲಿ ಪೆಟ್ರೋಲಾಗಲಿ ಬೆರೆಸಬೇಡ. ದೊಡ್ಡ ಗ್ಯಾರೇಜಿಗೆ ಹೋಗಿ, ಇದನ್ನು ನೋಂದಾಯಿತ ಮರುಬಳಕೆದಾರರಿಗೆ ಕೊಡುತ್ತೀರಾ ಅಂತ ಸಂಕೋಚಪಡದೆ ಕೇಳಿಯೇ ಕೊಡು. ಹೊಸ ಎಣ್ಣೆಯ ಖಾಲಿ ಡಬ್ಬಿಗೆ ಮೊಳೆ ಹೊಡೆದು ತೂತು ಮಾಡಿ ಗುಜರಿಗೆ ಹಾಕು, ಇಲ್ಲವಾದರೆ ಯಾರೋ ಅದರಲ್ಲಿ ಕಲಬೆರಕೆ ತುಂಬಿ ಮಾರಿಯಾರು.

ಭಾನುವಾರ ಬೆಳಿಗ್ಗೆ ಬೇಗ ಶುರು ಮಾಡು, ಮಧ್ಯಾಹ್ನದ ತನಕ ಬೇರೆ ಕೆಲಸ ಇಟ್ಟುಕೊಳ್ಳಬೇಡ. ರಾತ್ರಿ ಮಲಗುವ ಮುಂಚೆ ಕಾರಿನ ಅಡಿಗೆ ಒಂದು ಬಿಳಿ ರಟ್ಟು ಹಾಸಿಡು. ಸೋಮವಾರ ಆಫೀಸಿಗೆ ಹೊರಡುವ ಮುಂಚೆ ಅದನ್ನು ಎಳೆದು ನೋಡಿ, ಹನಿ ಬಿದ್ದಿದೆಯೋ ಇಲ್ಲವೋ ನನಗೆ ಫೋನ್ ಮಾಡು. ಆರು ಗಂಟೆಗೇ ಎದ್ದಿರುತ್ತೇನೆ.

ಇಂತಿ ನಿನ್ನ,
ದೊಡ್ಡಪ್ಪ