ಚೌಕ ಕುಳಿ ಕೊರೆಯುವ ಯಂತ್ರ: ಹೊಂದಾಣಿಕೆ, ಬಳಕೆ ಮತ್ತು ಲೆಕ್ಕಾಚಾರ

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಸಿಂಧನೂರು, ಮಸ್ಕಿ ಭಾಗದಲ್ಲಿಯೂ ನೆರೆಯ ಲಿಂಗಸುಗೂರಿನಲ್ಲಿಯೂ ಬಾಗಿಲು, ಕಿಟಕಿಗಳ ಚೌಕಟ್ಟನ್ನು ಊರಿನ ಬಡಗಿಯಿಂದಲೇ ಮಾಡಿಸುವವರುಂಟು. ಚೌಕಟ್ಟಿನ ಬಲವಿರುವುದು ಅದರ ಮೂಲೆಯ ಜೋಡಣೆಯಲ್ಲಿ: ಒಂದು ಮರದಲ್ಲಿ ಚೌಕ ಕುಳಿ, ಇನ್ನೊಂದರ ತುದಿಯಲ್ಲಿ ಅದರೊಳಗೆ ಬಿಗಿಯಾಗಿ ಕೂಡುವ ನಾಲಿಗೆ. ಉಳಿ, ಕೊಡತಿಗಳಿಂದ ಆಗುತ್ತಿದ್ದ ಕುಳಿಯ ಕೆಲಸವನ್ನು ಮಾರ್ಟೈಸಿಂಗ್ ಯಂತ್ರವು ನಿಮಿಷಗಳಲ್ಲಿ ಮುಗಿಸುತ್ತದೆ. ಆದರೆ ಸರಿಯಾಗಿ ಹೊಂದಿಸದ ಯಂತ್ರವು ಮರವನ್ನು ಕೈಗಿಂತಲೂ ಬೇಗ ಕೆಡಿಸುತ್ತದೆ ಎಂಬುದನ್ನು ಉದ್ದಿಮೆದಾರರು ಮರೆಯಬಾರದು.

ಯಂತ್ರದ ರೀತಿ

ನಾಲ್ಕು ಅಂಚುಗಳ ಟೊಳ್ಳು ಉಳಿಯೊಳಗೆ ಬೈರಿಗೆಯು ತಿರುಗುತ್ತದೆ. ಬೈರಿಗೆ ಮರವನ್ನು ಕೊರೆದು ತೆಗೆದರೆ, ತಿರುಗದೆ ನೇರವಾಗಿ ಇಳಿಯುವ ಉಳಿಯು ಮೂಲೆಗಳನ್ನು ಚೌಕಗೊಳಿಸುತ್ತದೆ.

ಹೊಂದಾಣಿಕೆ

1. ಮೊದಲು ವಿದ್ಯುತ್ ಸಂಪರ್ಕವನ್ನು ತೆಗೆಯಬೇಕು.

2. ಬೈರಿಗೆಯ ತುದಿ ಉಳಿಯ ಬಾಯಿಗಿಂತ ತುಸು ಕೆಳಗಿರಬೇಕು. ಇದಕ್ಕಾಗಿ ಉಳಿಯ ಭುಜ ಮತ್ತು ಯಂತ್ರದ ತಲೆಯ ನಡುವೆ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪದ ನಾಣ್ಯವನ್ನಿಟ್ಟು ಉಳಿಯನ್ನು ಬಿಗಿಯಬೇಕು. ಬೈರಿಗೆಯನ್ನು ಉಳಿಗೆ ತಾಗುವವರೆಗೆ ಮೇಲೆತ್ತಿ ಚಕ್ ಬಿಗಿಯಬೇಕು. ಬಳಿಕ ನಾಣ್ಯ ತೆಗೆದು ಉಳಿಯನ್ನು ಪೂರ್ತಿ ಮೇಲೇರಿಸಿ ಮತ್ತೆ ಬಿಗಿಯಬೇಕು. ಈ ಅಂತರವಿಲ್ಲದಿದ್ದರೆ ಲೋಹಕ್ಕೆ ಲೋಹ ಉಜ್ಜಿ, ಕಾವೇರಿ, ಉಳಿಯ ಹದ ಹೋಗುತ್ತದೆ.

3. ಉಳಿಯ ಮುಖವು ಹಿಂಬದಿಯ ಆಸರೆ ಪಟ್ಟಿಗೆ ಸಮನಾಗಿದೆಯೇ ಎಂದು ಮೂಲೆಮಟ್ಟದಿಂದ ನೋಡಬೇಕು. ಓರೆಯಾದರೆ ಕುಳಿಯ ಗೋಡೆ ಹಲ್ಲುಹಲ್ಲಾಗುತ್ತದೆ.

4. ಹೊಟ್ಟು ಹೊರಬೀಳುವ ಕಿಂಡಿಯು ಎಡಕ್ಕೆ ಅಥವಾ ಬಲಕ್ಕೆ, ಈಗಾಗಲೇ ಕೊರೆದ ಕುಳಿಯ ಕಡೆಗೆ ಇರಬೇಕು.

5. ಕುಳಿಯ ಆಳವು ನಾಲಿಗೆಯ ಉದ್ದಕ್ಕಿಂತ ಎರಡು–ಮೂರು ಮಿಲಿಮೀಟರ್ ಹೆಚ್ಚಿರುವಂತೆ ತಡೆಯನ್ನು ನಿಲ್ಲಿಸಬೇಕು.

ಬಳಕೆ

ಮೊದಲು ಕುಳಿಯ ಎರಡೂ ತುದಿಗಳನ್ನು ಕೊರೆಯಬೇಕು. ನಂತರ ನಡುನಡುವೆ ಉಳಿಯ ಅಗಲಕ್ಕಿಂತ ಕಡಿಮೆ ಮರವನ್ನು ಉಳಿಸಿಕೊಂಡು ಕೊರೆದು, ಕೊನೆಗೆ ಉಳಿದುದನ್ನು ತೆಗೆಯಬೇಕು. ಒಂದೇ ಪಕ್ಕ ಖಾಲಿಯಿದ್ದರೆ ಉಳಿ ಆ ಕಡೆಗೆ ವಾಲುತ್ತದೆ. ತೇಗ, ಬೇವಿನಂತಹ ಮರದಲ್ಲಿ ಒಂದೇ ಪಟ್ಟಿಗೆ ಇಳಿಸದೆ, ಆಗಾಗ ಮೇಲೆತ್ತಿ ಹೊಟ್ಟು ತೆಗೆಯಬೇಕು. ಹೊಗೆ ಬಂದರೆ ಉಳಿ ಮೊಂಡಾಗಿದೆ ಅಥವಾ ಅಂತರ ತಪ್ಪಿದೆ ಎಂದರ್ಥ. ಕೈಗವಸು, ಸಡಿಲ ತೋಳು, ಹೆಗಲ ಮೇಲಿನ ಟವೆಲ್ ಯಂತ್ರದ ಬಳಿ ಸಲ್ಲದು.

ಲೆಕ್ಕಾಚಾರ

ಆದಾಯ ತೆರಿಗೆಯಲ್ಲಿ ಇಂತಹ ಯಂತ್ರಕ್ಕೆ ಸಾಮಾನ್ಯ ಸವಕಳಿ ಶೇ. 15, ಕೊಂಡ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಯಂತ್ರದ ಜಿ.ಎಸ್.ಟಿ.ಗೆ ಇನ್‌ಪುಟ್ ತೆರಿಗೆ ಜಮೆ ಪಡೆದವರು ಆ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ರಾಜಿ ತೆರಿಗೆ ಯೋಜನೆಯಲ್ಲಿರುವವರಿಗೆ ಈ ಜಮೆಯೇ ದೊರೆಯದು.

ಉದಾಹರಣೆಗೆ, ಯಂತ್ರದ ಬೆಲೆ ರೂ. 40,000 ಎಂದಿಟ್ಟುಕೊಂಡರೆ ಮೊದಲ ವರ್ಷದ ಸವಕಳಿ ರೂ. 6,000, ವರ್ಷಕ್ಕೆ 250 ದಿನ ಕೆಲಸವಾದರೆ ದಿನಕ್ಕೆ ರೂ. 24. ತಪ್ಪು ಕುಳಿಯಿಂದ ರೂ. 1,200ರ ಮರವೊಂದು ಕೆಟ್ಟರೆ ಅದು ಐವತ್ತು ದಿನಗಳ ಸವಕಳಿಗೆ ಸಮ. ಸವಕಳಿ ಪುಸ್ತಕದಲ್ಲಿ ಕಾಣುತ್ತದೆ. ಕೆಟ್ಟ ಮರ ಸೌದೆಯ ರಾಶಿಗೆ ಸೇರಿ, ಖರೀದಿ ಖಾತೆಯಲ್ಲಿ ಅಡಗಿಬಿಡುತ್ತದೆ. ಆದ್ದರಿಂದ ಕೆಟ್ಟ ಮರಕ್ಕೆ ಪ್ರತ್ಯೇಕ ಪುಟವಿಡುವುದು ಒಳಿತು.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳೂ ಸೇರಿದ್ದು, ಅರ್ಹರಿಗೆ ಶೇ. 5ರ ಬಡ್ಡಿಯಲ್ಲಿ ಮೊದಲ ಕಂತಾಗಿ ರೂ. 1 ಲಕ್ಷದವರೆಗೆ ಸಾಲವುಂಟು. ಸಾಲ ಸುಲಭವೆಂದು ಯಂತ್ರ ಕೊಳ್ಳದೆ, ಕೈಯಲ್ಲಿರುವ ಕೆಲಸವನ್ನು ನೋಡಿ ಕೊಳ್ಳಬೇಕು. ಕೊಂಡ ಮೇಲೆ ಗಿರಾಕಿಯ ಮರವನ್ನು ಮುಟ್ಟುವ ಮುನ್ನ ಪ್ರತಿದಿನ ಒಂದು ತುಂಡು ಮರದಲ್ಲಿ ಕುಳಿ ಕೊರೆದು ನೋಡುವುದೇ ಬಂಡವಾಳಕ್ಕೆ ಅಗ್ಗದ ರಕ್ಷಣೆ.