*ಇಂದಿನ ಧಮ್ಮ ಚಿಂತನೆ: ಪೊರಕೆಗೂ ಸರದಿ ಇರಲಿ*





ಭಾನುವಾರದ ಮಕ್ಕಳ ತರಗತಿಯಲ್ಲಿ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಅಕ್ಕಾ, ಶಾಲೆ ಗುಡಿಸೋದು ಮಕ್ಕಳ ಜವಾಬ್ದಾರಿ ಅಂತಾರೆ. ಹಾಗಾದ್ರೆ ದಿನಾ ನಮ್ಮ ಕೇರಿಯವರನ್ನೇ ಯಾಕೆ ಕರೀತಾರೆ?"

ಉತ್ತರ ಸಿಗಾಲೋವಾದ ಸುತ್ತದಲ್ಲಿದೆ. ಅಲ್ಲಿ ಬುದ್ಧರು ಗುರುವನ್ನು ದಕ್ಷಿಣ ದಿಕ್ಕು ಎಂದು ಕರೆದು, ಶಿಷ್ಯನಿಗೆ ಐದು ಕರ್ತವ್ಯ ಹೇಳುತ್ತಾರೆ. ಎದ್ದು ಗೌರವಿಸುವುದು, ಗಮನವಿಟ್ಟು ಕೇಳುವುದು, ಶ್ರದ್ಧೆಯಿಂದ ಕಲಿಯುವುದರ ಜೊತೆ ಸೇವೆಯೂ ಅದರಲ್ಲಿದೆ. ಆದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಗುರುವಿಗೂ ಐದು ಕರ್ತವ್ಯಗಳಿವೆ: ಚೆನ್ನಾಗಿ ತಿದ್ದಬೇಕು, ಮನದಟ್ಟು ಮಾಡಬೇಕು, ವಿದ್ಯೆಯನ್ನು ಬಚ್ಚಿಡಬಾರದು, ಸ್ನೇಹಿತರ ನಡುವೆ ಪರಿಚಯಿಸಬೇಕು, ಎಲ್ಲ ಕಡೆಯಿಂದಲೂ ರಕ್ಷಣೆ ಕೊಡಬೇಕು. ಗುರುವಿನ ಈ ಕರ್ತವ್ಯವೇ ಮಗುವಿನ ಹಕ್ಕು. ಒಂದು ಕಡೆಗೆ ಮಾತ್ರ ಕರ್ತವ್ಯ ಹೊರಿಸಿದರೆ ಅದು ಧಮ್ಮವಲ್ಲ.

ಬಾಬಾಸಾಹೇಬರು ಬಾಲ್ಯದ ಶಾಲೆಯನ್ನು ನೆನೆದು ಬರೆದಿದ್ದಾರೆ. ಅವರು ಕೂರುತ್ತಿದ್ದ ಗೋಣಿತಟ್ಟನ್ನು ಶಾಲೆ ಗುಡಿಸುವ ಆಳೂ ಮುಟ್ಟುತ್ತಿರಲಿಲ್ಲ. ದಿನವೂ ಮನೆಗೆ ಒಯ್ದು ಮರಳಿ ತರಬೇಕಿತ್ತು. ನಲ್ಲಿಯನ್ನು ಜವಾನ ತಿರುಗಿಸದಿದ್ದರೆ ನೀರಿಲ್ಲ. ಪಾಠಕ್ಕಿಂತ ಮೊದಲು ಆ ಮಗುವಿಗೆ ಶಾಲೆ ಕಲಿಸಿದ್ದು ಜಾತಿಯನ್ನು.

ಇಂದು ಕಾನೂನು ನಮ್ಮ ಜೊತೆಗಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಕೊಡುತ್ತದೆ. ಅದರ 17ನೇ ಕಲಂ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಸಂವಿಧಾನದ 51ಎ(ಕೆ) ವಿಧಿ ಮಕ್ಕಳನ್ನು ಓದಿಸುವ ಕರ್ತವ್ಯವನ್ನು ಹೆತ್ತವರಾದ ನಮ್ಮ ಮೇಲೂ ಇಟ್ಟಿದೆ.

ಹಾಗಾದರೆ ಆ ಹುಡುಗಿಗೆ ಏನು ಹೇಳೋಣ? "ಗುಡಿಸಬೇಡ" ಎಂದಲ್ಲ. ತಾನು ಕೂತ ಜಾಗ ತಾನೇ ಚೊಕ್ಕ ಮಾಡುವುದರಲ್ಲಿ ಅವಮಾನವಿಲ್ಲ. "ಗೋಡೆಯ ಮೇಲೆ ಸರದಿ ಪಟ್ಟಿ ಹಾಕಿ ಎಂದು ಕೇಳು ಮಗಳೇ. ಎಲ್ಲರ ಹೆಸರೂ ಇದ್ದರೆ ಅದು ಜವಾಬ್ದಾರಿ. ಒಂದೇ ಕೇರಿಯ ಹೆಸರಿದ್ದರೆ ಅದು ಜಾತಿ." ಹಕ್ಕು, ಜವಾಬ್ದಾರಿ ಎರಡೂ ಆ ಒಂದು ಪಟ್ಟಿಯಲ್ಲೇ ಮಕ್ಕಳಿಗೆ ಅರ್ಥವಾಗುತ್ತವೆ.

ಮಗು ಒಂಟಿಯಾಗಿ ಕೇಳಬೇಕಾಗಿಲ್ಲ. ನಾವು ನಾಲ್ಕು ಜನ ಹೆತ್ತವರು ಸೇರಿ ಎಸ್‌ಡಿಎಂಸಿ ಸಭೆಯಲ್ಲಿ ಶಾಂತವಾಗಿ, ಲಿಖಿತವಾಗಿ ಕೇಳೋಣ. ಮಕ್ಕಳಿಗೆ ತೊಂದರೆಯಾದರೆ 1098ಕ್ಕೆ ಕರೆ ಮಾಡಬಹುದು.

*ಇಂದಿನ ಅಭ್ಯಾಸ:* ಸಂಜೆ ಮಗುವನ್ನು ಕೇಳಿ, "ಇವತ್ತು ಕ್ಲಾಸು ಗುಡಿಸಿದ್ದು ಯಾರು?" ಆಮೇಲೆ ನಮ್ಮನ್ನೇ ಕೇಳಿಕೊಳ್ಳೋಣ: ಮನೆಯಲ್ಲಿ ಪೊರಕೆ ಮಗಳ ಕೈಗೆ ಮಾತ್ರ ಹೋಗುತ್ತಿದೆಯೇ, ಮಗನ ಸರದಿಯೂ ಇದೆಯೇ?

ಭವತು ಸಬ್ಬ ಮಂಗಲಂ. ಸಾಧು ಸಾಧು ಸಾಧು.