ಧನುರ್ಮಾಸದ ಹೊಲಿಗೆ ಲೆಕ್ಕ

ಹಳೆ ಸ್ವೆಟರ್‌ಗೆ ಬೆಲೆ ಎಷ್ಟು? ಹಾಸನದ ಬಡಾವಣೆಗಳಲ್ಲಿ ಇದನ್ನು ನಿರ್ಧರಿಸುವವರು ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರು. ಸೀರೆಗೆ ಒಂದು ಬೆಲೆ, ಪ್ಯಾಂಟಿಗೆ ಒಂದು ಬೆಲೆ. ಸ್ವೆಟರ್ ಮಾತ್ರ ಕೊಸರಿಗೆ. ನಾಲ್ಕು ಸ್ವೆಟರ್ ಮೇಲೆ ಹಾಕಿದರೂ ಲೋಟ ಹೋಗಿ ಡಬರಿ ಆಗುವುದಿಲ್ಲ.

ನಮ್ಮ ಬೀದಿಗೆ ಬರುವಾಕೆ ಕಂದು ಬಣ್ಣದ ಒಂದು ಸ್ವೆಟರನ್ನು ಬೆಳಕಿಗೆ ಹಿಡಿದು ನೋಡಿ, "ಅಕ್ಕಾ, ಇದು ಹುಳ ತಿಂದೈತೆ, ಬ್ಯಾಡ" ಎಂದು ವಾಪಸ್ ಇಟ್ಟಳು. ಆ ಗಂಟಿನಲ್ಲಿ ನಿಜಕ್ಕೂ ಬೆಲೆಬಾಳುವ ಬಟ್ಟೆ ಅದೊಂದೇ. ಬಟ್ಟೆ ಹುಳು ತಿನ್ನುವುದು ಪ್ರಾಣಿಯ ಕೂದಲನ್ನು. ಪ್ಲಾಸ್ಟಿಕ್ ಜಾತಿಯ ಅಕ್ರಿಲಿಕ್ ನೂಲು ಅದಕ್ಕೆ ಆಹಾರವಲ್ಲ. ಹುಳು ತೂತು ಮಾಡಿದೆ ಅಂದರೆ ಅದು ಕುರಿಯ ಉಣ್ಣೆ ಎಂದು ಬಹುಮಟ್ಟಿಗೆ ನಂಬಬಹುದು. ತೂತು ಬಿಟ್ಟು ಉಳಿದ ಜಾಗದಲ್ಲಿ ಒಂದೆರಡು ಜೊತೆ ಕೈಗವಸು ಸುಲಭವಾಗಿ ಹೊರಡುತ್ತವೆ.

ನಮ್ಮ ಜಿಲ್ಲೆಯ ಮನೆಗಳಲ್ಲಿರುವ ಸ್ವೆಟರ್‌ಗಳಲ್ಲಿ ನೂರಕ್ಕೆ ನೂರು ಉಣ್ಣೆಯವು ಕಡಿಮೆ. ಮಕ್ಕಳ ಮರೂನ್, ನೇವಿ ಬ್ಲೂ ಯೂನಿಫಾರ್ಮ್ ಸ್ವೆಟರ್‌ಗಳು ಸಾಮಾನ್ಯವಾಗಿ ಅಕ್ರಿಲಿಕ್. ಚಳಿ ಶುರುವಾದೊಡನೆ ರಸ್ತೆ ಬದಿಯಲ್ಲಿ ಟೆಂಟ್ ಹಾಕುವ ಟಿಬೆಟನ್ನರ ಬಳಿ ಸಿಗುವುದೂ ಹೆಚ್ಚಾಗಿ ಅದೇ. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಗೆ ಬಂದು ನೆಲೆಸಿದ ಈ ಜನ ಲುಧಿಯಾನದಿಂದ ಸರಕು ತರಿಸಿ ಊರೂರಿನಲ್ಲಿ ಮಾರುತ್ತಾರೆ. ಅರಕಲಗೂಡಿನ ಕಡೆಯವರಿಗೆ ಕೊಣನೂರು, ಕುಶಾಲನಗರ ದಾಟಿದರೆ ಬೈಲಕುಪ್ಪೆಯೇ ಸಿಗುತ್ತದೆ. ಅವರ ಮಾಲು ಹಗುರ, ಬಣ್ಣ ಬಿಡುವುದಿಲ್ಲ, ಬೆಲೆಯೂ ನಮ್ಮ ಕೈಗೆ ಎಟಕುವಂಥದು. ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕತ್ತರಿ ಹಾಕಿದ ಕೂಡಲೇ ಆ ಹೆಣಿಗೆ ಬಿಚ್ಚಿಕೊಳ್ಳುತ್ತದೆ.

ಅಸಲಿ ಉಣ್ಣೆ ಸಿಗುವುದು ಬೇರೆ ಕಡೆ. ನಮ್ಮ ಅಮ್ಮಂದಿರು ಎಪ್ಪತ್ತು, ಎಂಬತ್ತರ ದಶಕದಲ್ಲಿ ಉಲ್ಲನ್ ಉಂಡೆ ಕೊಂಡು ಎರಡು ಕಡ್ಡಿಯಲ್ಲಿ ಹೆಣೆದವು. ಸೈನ್ಯದಿಂದ ನಿವೃತ್ತರಾದವರ ಟ್ರಂಕಿನಲ್ಲಿರುವ ದಪ್ಪನೆಯ ಹಸಿರು ಜೆರ್ಸಿಗಳು. ಹೊರದೇಶದಲ್ಲಿರುವ ನೆಂಟರು ಬಿಟ್ಟುಹೋದವು. ಹೊಳೆನರಸೀಪುರದ ನಮ್ಮ ಅತ್ತೆಯವರ ಅಟ್ಟದಲ್ಲಿ ಈ ಮೂರೂ ಬಗೆಯವು ಇದ್ದವು. ನನ್ನ ಹೊಲಿಗೆ ಶುರುವಾದದ್ದು ಅವುಗಳಿಂದ.

ಚೀಟಿ ಇಲ್ಲದ ಸ್ವೆಟರ್ ಆದರೆ ಒಳಭಾಗದಿಂದ ಒಂದೆಳೆ ದಾರ ಕಿತ್ತು, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ದೀಪದಿಂದ ತೆಗೆದರೆ ತಾನಾಗಿ ಆರುತ್ತದೆ, ಬೂದಿಯನ್ನು ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಕಪ್ಪು ಗುಂಡಾಗಿ ಗಟ್ಟಿಯಾಗುತ್ತದೆ. ಆ ಗುಂಡನ್ನು ಬಿಸಿಯಿದ್ದಾಗ ಮುಟ್ಟಬೇಡಿ.

ಉಣ್ಣೆಯೆಂದು ಖಾತ್ರಿಯಾದ ಮೇಲೆ, ಸ್ವೆಟರ್‌ಗೆ ಯಾವುದನ್ನು ಮಾಡಬಾರದು ಎಂದು ಅಮ್ಮ ಹೇಳಿಕೊಟ್ಟಿದ್ದರೋ ಅದನ್ನೇ ಬೇಕೆಂದು ಮಾಡಬೇಕು. ಹಂಡೆಯ ಬಿಸಿನೀರು, ಬಾರ್ ಸೋಪು, ಚೆನ್ನಾಗಿ ಕುಕ್ಕಿ ಒಗೆಯುವುದು. ವಾಷಿಂಗ್ ಮಿಷನ್ ಇದ್ದರೆ ಹಳೆ ಜೀನ್ಸ್ ಪ್ಯಾಂಟಿನ ಜೊತೆ ಹಾಕಿ. ಉಣ್ಣೆಯ ಪ್ರತಿ ಎಳೆಯ ಮೈಮೇಲೆ ಮೀನಿನ ಹುರುಪೆಯಂಥ ಪದರಗಳಿರುತ್ತವೆ. ಬಿಸಿ, ಸೋಪು, ತಿಕ್ಕಾಟ ಮೂರೂ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ತೊಳೆಯುವಾಗ ಬಕೆಟ್ಟಿನಿಂದ ಮಳೆಯಲ್ಲಿ ನೆಂದ ಕುರಿಮಂದೆಯ ವಾಸನೆ ಬಂದರೆ ಗಾಬರಿ ಬೇಡ, ಅದು ಅಸಲಿ ಮಾಲಿನ ಗುರುತು. ಒಣಗಿದ ಮೇಲೆ ಹೆಣಿಗೆಯ ಕಣ್ಣು ಮುಚ್ಚಿಹೋಗಿರುತ್ತದೆ. ಎಲ್ಲಿ ಕತ್ತರಿ ಹಾಕಿದರೂ ಒಂದೆಳೆ ಬಿಚ್ಚುವುದಿಲ್ಲ. ಮಿಷನ್‌ನಲ್ಲಿ ಒಗೆಯಬಹುದು ಎಂದು ಚೀಟಿಯಿರುವ ಉಣ್ಣೆ ಮಾತ್ರ ಹೀಗೆ ಕುಗ್ಗುವುದು ಅಪರೂಪ. ಅಂಥದಕ್ಕೂ ಅಕ್ರಿಲಿಕ್‌ಗೂ ಅಂಚಿಗೆ ಓವರ್‌ಲಾಕ್ ಅಥವಾ ಜಿಗ್‌ಜ್ಯಾಗ್ ಹೊಲಿಗೆ ಬೇಕೇ ಬೇಕು.

ಕತ್ತರಿಸುವುದರಲ್ಲಿ ಒಂದು ಜಾಣತನವಿದೆ. ಅಂಗೈಯನ್ನು ಹಳೆ ಪೇಪರ್ ಮೇಲಿಟ್ಟು, ಹೆಬ್ಬೆರಳು ಬೇರೆ, ಉಳಿದ ನಾಲ್ಕು ಬೆರಳು ಒಟ್ಟಾಗಿರುವಂತೆ ಗೆರೆ ಎಳೆದು, ಸುತ್ತಲೂ ಹೊಲಿಗೆಗೆಂದು ಅರ್ಧ ಇಂಚು ಬಿಡಿ. ಮಣಿಕಟ್ಟಿನ ಭಾಗವನ್ನು ಸ್ವೆಟರಿನ ಕೆಳ ಅಂಚಿನ ಪಟ್ಟಿಯ ಮೇಲೆ ಬರುವಂತೆ ಕೂರಿಸಿ. ಆ ಪಟ್ಟಿ ತಾನೇ ಹಿಡಿದುಕೊಳ್ಳುತ್ತದೆ, ಇಲಾಸ್ಟಿಕ್ ಖರ್ಚು ಇಲ್ಲ. ಬೆನ್ನು, ಎದೆ ಭಾಗದಲ್ಲಿ ದೊಡ್ಡವರದು, ತೋಳಿನಲ್ಲಿ ಮಕ್ಕಳದು. ಒಳಗೆ ಹಳೆ ಪಂಚೆ ಅಥವಾ ಫ್ಲಾನಲ್ ಅಸ್ತರಿ. ನಾಲ್ಕು ಬೆರಳು ಒಂದೇ ಗೂಡಿನಲ್ಲಿದ್ದರೆ ಒಂದರ ಬಿಸಿ ಇನ್ನೊಂದಕ್ಕೆ ಸಿಗುತ್ತದೆ, ಬೆರಳು ಬಿಡಿಬಿಡಿಯಾದ ಗ್ಲೌಸ್‌ಗಿಂತ ಇದು ಬೆಚ್ಚಗಿರುವುದು ಅದಕ್ಕೆ.

ಆದರೆ ಎಲ್ಲರಿಗೂ ಇದು ಆಗಿಬರುವುದಿಲ್ಲ. ಬೈಕ್ ಓಡಿಸುವವರು ಬ್ರೇಕ್ ಹಿಡಿಯಬೇಕು, ಅವರಿಗೆ ಬೆರಳಿನ ಗ್ಲೌಸೇ ಸರಿ. ಹಾಲು ಕರೆಯುವ ಕೈಗೂ ಇದು ನಡೆಯುವುದಿಲ್ಲ. ಕರೆದ ಮೇಲೆ ಮಂಜಿನಲ್ಲಿ ಸ್ಟೀಲ್ ಕ್ಯಾನ್ ಹಿಡಿದು ಡೈರಿವರೆಗೆ ನಡೆಯುತ್ತಾರಲ್ಲ, ಆ ಹೆಂಗಸರಿಗೆ ಬೇಕು. ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಓರಗಿತ್ತಿ ಅಂಥವರಲ್ಲಿ ಒಬ್ಬಳು. ಉಣ್ಣೆ ತನ್ನ ತೂಕದ ಸುಮಾರು 30% ತೇವ ಹೀರಿಕೊಂಡರೂ ಒದ್ದೆ ಎನ್ನಿಸುವುದಿಲ್ಲ, ಮಂಜಿಗೆ ಹೇಳಿ ಮಾಡಿಸಿದ್ದು. ಜಗಲಿಯಲ್ಲಿ ಬಿಸಿಲು ಕಾಯುತ್ತ ಕೂರುವ ಹಿರಿಯರಿಗೆ ಬೇಕು. ಬಾಣಂತಿ ಮನೆಯಿಂದಲೂ ಕೇಳುತ್ತಾರೆ. ಎಳೆಗೂಸಿಗೆ ಹೊಲಿಯುವುದಾದರೆ ಮೈಗೆ ತಾಗುವುದು ಹತ್ತಿಯೇ ಆಗಿರಲಿ, ಹೊಲಿಗೆ ಹೊರಮುಖವಾಗಿರಲಿ. ಒಳಗೆ ಒಂದೆಳೆ ದಾರ ಸಡಿಲವಾಗಿ ಉಳಿದರೆ ಅದು ಮಗುವಿನ ಬೆರಳಿಗೆ ಸುತ್ತಿಕೊಂಡು ರಕ್ತ ಓಡಾಟ ನಿಲ್ಲಿಸಬಹುದು. ಕೊಡುವ ಮುಂಚೆ ಒಳಹೊರಗು ಮಾಡಿ ನೋಡದೆ ನಾನು ಯಾವ ಮಗುವಿನ ಜೊತೆಯನ್ನೂ ಕೊಡುವುದಿಲ್ಲ.

ಇನ್ನು ಲೆಕ್ಕ. ಮನೆಗೆ ಉಳಿತಾಯ ಎಷ್ಟು? ಇಬ್ಬರು ಮಕ್ಕಳು, ಇಬ್ಬರು ಹಿರಿಯರಿರುವ ಮನೆಗೆ ನಾಲ್ಕು ಜೊತೆ. ಕಟ್ಟಿನಕೆರೆ ಮಾರುಕಟ್ಟೆ ಕಡೆ ನಾನು ಕೇಳಿದಾಗ ಅಕ್ರಿಲಿಕ್ ಗ್ಲೌಸ್ ಜೊತೆಗೆ ₹80ರಿಂದ ₹100 ಹೇಳಿದರು. ಅಂದರೆ ವರ್ಷಕ್ಕೆ ಉಳಿಯುವುದು ಹೆಚ್ಚೆಂದರೆ ₹400. ಇದರಿಂದ ಸಂಸಾರದ ಸಾಲ ತೀರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕುಗ್ಗಿಸಿದ ಉಣ್ಣೆ ಹೆಬ್ಬೆರಳ ಬುಡದಲ್ಲಿ ಬೇಗ ಹರಿಯುವುದಿಲ್ಲ, ಅತ್ತೆಗೆ ಹೊಲಿದ ಜೊತೆ ವರ್ಷಗಳಾದರೂ ಬಳಕೆಯಲ್ಲಿದೆ. ಅದು ಲಾಭದ ಬಾಬ್ತು, ಆದರೆ ಸಣ್ಣ ಲಾಭ.

ಹೊಲಿದು ಮಾರಿದರೆ? ನನ್ನ ಲೆಕ್ಕದ ಪುಸ್ತಕದಿಂದ ಹೇಳುತ್ತೇನೆ. ಜೊತೆಗೆ ದಾರ, ಸೋಪು, ಕರೆಂಟು ಸೇರಿ ₹15, ಹೊಸ ಫ್ಲಾನಲ್ ಕೊಂಡರೆ ಇನ್ನು ₹20. ಒಟ್ಟು ₹35. ಕತ್ತರಿಸಿ ಹೊಲಿಯಲು ಒಂದು ಗಂಟೆ, ಆರಿಸುವುದು, ಒಗೆಯುವುದರ ಪಾಲು ಅರ್ಧ ಗಂಟೆ. ₹150ಕ್ಕೆ ಕೊಟ್ಟರೆ ಕೈಯಲ್ಲಿ ಉಳಿಯುವುದು ₹115. ಗಂಟೆಗೆ ₹77ರ ಹತ್ತಿರ. ಇಡೀ ದಿನ ಕೂತು ಐದು ಜೊತೆ ಹೊಲಿದರೆ ₹575. 2025–26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ನರೇಗಾ ದಿನಗೂಲಿ ₹370. ಅದಕ್ಕಿಂತ ಮೇಲು ಅನ್ನಿಸುತ್ತದೆ. ಆದರೆ ದಿನಕ್ಕೆ ಐದು ಗಿರಾಕಿ ಎಲ್ಲಿಂದ ಬರಬೇಕು? ಬಂದರೂ ಚಳಿಗಾಲ ಎಷ್ಟು ತಿಂಗಳು?

ಅದಕ್ಕಿಂತ ದೊಡ್ಡ ಪ್ರಶ್ನೆ, ಆ ಗಂಟೆಯಲ್ಲಿ ಬೇರೇನು ದುಡಿಯಬಹುದಿತ್ತು ಎಂಬುದು. ಅಸ್ತರಿ ಹಾಕಿದ ಬ್ಲೌಸ್‌ಗೆ ನಮ್ಮಲ್ಲಿ ₹350 ಮಜೂರಿ ಇದೆ. ಕೈ ಪಳಗಿದವರು ಎರಡು ಗಂಟೆಯಲ್ಲಿ ಮುಗಿಸುತ್ತಾರೆ, ಖರ್ಚು ಕಳೆದು ಗಂಟೆಗೆ ₹150 ಬಿತ್ತು. ಮದುವೆ ಕಾಲದಲ್ಲಿ ಬ್ಲೌಸ್ ಗುಡ್ಡೆ ಬಿದ್ದಿರುವಾಗ ಕೈಗವಸು ಹೊಲಿಯಲು ಕೂತ ಟೈಲರ್ ಪ್ರತಿ ಗಂಟೆಗೆ ₹73 ಬಿಟ್ಟುಕೊಟ್ಟ ಹಾಗೆ. ಮನೆಯ ಹೆಂಗಸರ ಸಮಯಕ್ಕೆ ಬೆಲೆಯೇ ಇಲ್ಲ ಎಂಬಂತೆ ಲೆಕ್ಕ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. "ಬಟ್ಟೆ ಹಳೇದಲ್ವಾ, ಪುಕ್ಕಟೆ ತಾನೆ" ಅನ್ನುತ್ತಾರೆ. ಬಟ್ಟೆ ಪುಕ್ಕಟೆ, ಕೈ ಪುಕ್ಕಟೆಯಲ್ಲ.

ಹಾಗಿದ್ದರೂ ನಾನು ಈ ಕೆಲಸದ ಪರವಾಗಿದ್ದೇನೆ. ಕಾರಣ ಪಂಚಾಂಗದಲ್ಲಿದೆ. ಡಿಸೆಂಬರ್ ಮಧ್ಯಕ್ಕೆ ಧನುರ್ಮಾಸ ಹಿಡಿಯಿತೆಂದರೆ ಸಂಕ್ರಾಂತಿವರೆಗೆ ಮದುವೆ ಮುಹೂರ್ತವಿಲ್ಲ. ಬ್ಲೌಸ್ ಆರ್ಡರ್ ಬಿದ್ದುಹೋಗುತ್ತದೆ, ಅರಕಲಗೂಡಿನ ನನ್ನ ತಂಗಿಯ ಬೀದಿಯಲ್ಲಿರುವ ಟೈಲರ್ ಹುಡುಗಿ ಮಧ್ಯಾಹ್ನ ಮಿಷನ್‌ಗೆ ಬಟ್ಟೆ ಮುಚ್ಚಿ ಕೂರುತ್ತಾಳೆ. ಹಾಸನಕ್ಕೆ ಚಳಿ ಹಿಡಿಯುವುದೂ ಸರಿಯಾಗಿ ಅದೇ ತಿಂಗಳು. ಬೆಳಗಿನ ಜಾವ ಧನುರ್ಮಾಸದ ಪೂಜೆಗೆ ದೇವಸ್ಥಾನಕ್ಕೆ ಹೋಗುವ ಹಿರಿಯರು ಕೈ ಉಜ್ಜಿಕೊಳ್ಳುತ್ತ ಸಾಲಿನಲ್ಲಿ ನಿಂತಿರುತ್ತಾರೆ. ಗಂಟೆಗೆ ₹150 ಬೆಲೆಯ ಸಮಯ ಆ ನಾಲ್ಕು ವಾರ ಬರಿದೇ ಕಳೆಯುತ್ತದೆ. ಆಗ ₹77 ಪೂರ್ತಿ ಲಾಭ. ಇದೇ ಕೈಗವಸನ್ನು ಫೆಬ್ರವರಿಯಲ್ಲಿ ಹೊಲಿದರೆ ನಷ್ಟ.

ಮಾರಾಟ ದೂರ ಹೋಗಬೇಕಾಗಿಲ್ಲ. ಪರಿಚಯದ ಕೈಗಳ ಅಳತೆ ತೆಗೆದು ಹೊಲಿಯುವುದೇ ವಾಸಿ, ಅಂಗಡಿಗೆ ಕೊಟ್ಟರೆ ಅಂಗಡಿಯವರ ಪಾಲು ಹೋಗುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣ ಇಲ್ಲ. ಹೊಳೆನರಸೀಪುರದಿಂದ ಸ್ವೆಟರ್ ತರುವುದಕ್ಕೂ ಚನ್ನರಾಯಪಟ್ಟಣಕ್ಕೆ ಜೊತೆ ಮುಟ್ಟಿಸುವುದಕ್ಕೂ ನಾನು ಸಾಗಾಣಿಕೆ ಖರ್ಚು ಬರೆಯುವುದಿಲ್ಲ. ಹೋಗುವ ಹೊತ್ತನ್ನು ಮಾತ್ರ ಬರೆಯುತ್ತೇನೆ.

ದೊಡ್ಡದಾಗಿ ಮಾಡಿದರೆ ದೊಡ್ಡ ದುಡ್ಡು ಬರುತ್ತದೆಯೇ ಎಂದು ಕೇಳುವವರಿಗೆ ಅಮೆರಿಕದ ಒಂದು ಸಂಗತಿ ಹೇಳುತ್ತೇನೆ. 2021ರ ಜನವರಿ 20ರಂದು ಜೋ ಬೈಡನ್ ಅಧ್ಯಕ್ಷರಾದ ದಿನ, ಸೆನೆಟರ್ ಬರ್ನಿ ಸ್ಯಾಂಡರ್ಸ್ ಚಳಿಯಲ್ಲಿ ಕೈಗವಸು ಹಾಕಿ ಕುರ್ಚಿಯಲ್ಲಿ ಕೂತಿದ್ದ ಚಿತ್ರ ಲೋಕವೆಲ್ಲ ಸುತ್ತಿತು. ಅದು ಹಳೆ ಉಣ್ಣೆ ಸ್ವೆಟರಿನಿಂದ ಹೊಲಿದದ್ದು, ಅಸ್ತರಿ ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ ಬಟ್ಟೆ. ಹೊಲಿದಾಕೆ ವರ್ಮಾಂಟ್‌ನ ಶಾಲಾ ಶಿಕ್ಷಕಿ ಜೆನ್ ಎಲಿಸ್. ಕೇಳುವವರು ಮುಗಿಬಿದ್ದರು. ಆದರೆ ಆಕೆಯ ಸಂಸಾರ ನಡೆಯುತ್ತಿದ್ದದ್ದು ಮೇಷ್ಟ್ರ ಸಂಬಳದಲ್ಲಿ, ಕೈಗವಸು ಬಿಡುವಿನ ಕೆಲಸವಾಗಿತ್ತು. ಒಂದೊಂದು ಸ್ವೆಟರೂ ಬೇರೆ ಬೇರೆ ದಪ್ಪ, ಬೇರೆ ಬೇರೆ ಅಳತೆ. ಹತ್ತನ್ನು ಒಟ್ಟಿಗೆ ಪೇರಿಸಿ ಗಾರ್ಮೆಂಟ್ಸ್ ಕಾರ್ಖಾನೆಯಂತೆ ಒಂದೇ ಏಟಿಗೆ ಕತ್ತರಿಸಲು ಬರುವುದಿಲ್ಲ. ಹಳೆ ಉಣ್ಣೆಯಲ್ಲಿ ದೊಡ್ಡ ವ್ಯಾಪಾರ ಮಾಡುವ ಪಾಣಿಪತ್‌ನವರು ಹೊಲಿಯುವ ಗೋಜಿಗೇ ಹೋಗುವುದಿಲ್ಲ. ದೇಶವಿದೇಶಗಳ ಹಳೆ ಬಟ್ಟೆಯನ್ನು ಸಿಗಿದು ನೂಲು ತೆಗೆದು ಕಂಬಳಿ ನೇಯುತ್ತಾರೆ. ಅದು ಟನ್ ಲೆಕ್ಕದ ಕಸುಬು.

ಅರಕಲಗೂಡಿನ ಆ ಹುಡುಗಿ ನನ್ನನ್ನು ಕೇಳಿದ್ದು ಸಾಲದ ಬಗ್ಗೆ. "ಅಕ್ಕಾ, ಪಿಎಂ ವಿಶ್ವಕರ್ಮದಲ್ಲಿ ಟೈಲರ್‌ಗೂ ಕೊಡ್ತಾರಂತೆ. ಓವರ್‌ಲಾಕ್ ಮಿಷನ್ ತಗೊಂಡು ಇದನ್ನೇ ಜೋರಾಗಿ ಮಾಡ್ಲಾ?" 2023ರ ಸೆಪ್ಟೆಂಬರ್ 17ರಂದು ಶುರುವಾದ ಆ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ಉಪಕರಣಕ್ಕೆ ₹15,000 ನೆರವು, ಮೊದಲ ಕಂತಿನಲ್ಲಿ ₹1 ಲಕ್ಷದವರೆಗೆ 5% ಬಡ್ಡಿಯ ಸಾಲ, ತೀರಿಸಲು 18 ತಿಂಗಳು. ಬಡ್ಡಿ ಕಡಿಮೆಯೇ. ಆದರೆ ಪೂರ್ತಿ ಲಕ್ಷ ತೆಗೆದರೆ ತಿಂಗಳ ಕಂತು ಸುಮಾರು ₹5,780. ಜೊತೆಗೆ ₹115 ಉಳಿಯುವ ಕೈಗವಸಿನಿಂದ ಅದನ್ನು ಕಟ್ಟಬೇಕಾದರೆ ತಿಂಗಳಿಗೆ 51 ಜೊತೆ ಮಾರಬೇಕು, ಒಂದೂವರೆ ವರ್ಷ ಬಿಡದೆ. ಚೈತ್ರ, ವೈಶಾಖದ ಬಿಸಿಲಲ್ಲಿ ಕೈಗವಸು ಕೊಳ್ಳುವವರು ಯಾರು?

ಓವರ್‌ಲಾಕ್ ಮಿಷನ್ ಬೇಡ ಎಂದು ನಾನು ಹೇಳಲಿಲ್ಲ. ನೈಟಿ, ಚೂಡಿದಾರ್, ಬ್ಲೌಸ್‌ಗೆ ವರ್ಷವಿಡೀ ಅದು ದುಡಿಯುತ್ತದೆ. ಕಂತು ಆ ದುಡಿಮೆಯಿಂದ ಹುಟ್ಟುತ್ತದೆಯೇ ಎಂದು ಕಳೆದ ವರ್ಷದ ಆರ್ಡರ್ ಪುಸ್ತಕ ಹಾಕಿಕೊಂಡು ಇಬ್ಬರೂ ಕೂತು ನೋಡಿದೆವು. ಹುಟ್ಟುತ್ತದೆ, ಆದರೆ ಲಕ್ಷ ಬೇಕಿಲ್ಲ, ಮಿಷನ್‌ನ ಬೆಲೆಯಷ್ಟು ಸಾಕು. ಕೈಗವಸಿಗೆ ಬೇರೆ ದರಪಟ್ಟಿ ಬರೆದುಕೊಂಡಳು. ಸ್ವೆಟರ್ ನಮ್ಮದಾದರೆ ₹150, ಗಿರಾಕಿಯೇ ತಂದರೆ ಮಜೂರಿ ₹110, ಅಕ್ರಿಲಿಕ್ ತಂದರೆ ಅಂಚು ಹೊಲಿಯಲು ₹20 ಮೇಲೆ. ಅರ್ಧ ಹಣ ಮುಂಗಡ. ಧನುರ್ಮಾಸಕ್ಕೆ ಮಾತ್ರ ಆರ್ಡರ್, ಸಂಕ್ರಾಂತಿಯ ಮಾರನೆ ದಿನದಿಂದ ಮತ್ತೆ ಬ್ಲೌಸ್.